ಚಾಚಾ ಓದಿ ಹೇಳಿದ ಆ ಸಾಲು

ಪ್ರೀತಿಯ ಸಾಜಿಯಾ,

ಇವತ್ತು ಮಧ್ಯಾಹ್ನ ಸೀಟು ಹಂಚಿಕೆಯ ಪಟ್ಟಿ ಬಂತು. ಅದರಲ್ಲಿ ನಿನ್ನ ಹೆಸರು, ಹೆಸರಿನ ಮುಂದೆ ನಮ್ಮ ಗದುಗಿನ ಮೆಡಿಕಲ್ ಕಾಲೇಜು! ಫೋನಿನಲ್ಲಿ ನೀನೂ ಕಿರುಚಿದೆ, ನಾನೂ ಕಿರುಚಿದೆ, ಯಾರು ಏನು ಹೇಳಿದೆವೋ ಇಬ್ಬರಿಗೂ ತಿಳಿಯಲಿಲ್ಲ. ಫೋನಿಟ್ಟ ಮೇಲೂ ಹಾಸ್ಟೆಲ್ಲಿನ ಕಾರಿಡಾರಿನಲ್ಲಿ ನನ್ನ ಕುಣಿತ ನಿಲ್ಲದ್ದು ಕಂಡು ವಾರ್ಡನ್ ಮಲ್ಲಮ್ಮನವರು ಹೊರಗೆ ಬಂದರು. "ಏನವ್ವಾ, ಮದವಿ ಗಟ್ಟಿ ಆತೇನು?" ಎಂದರು. "ಇಲ್ರಿ, ನಮ್ಮ ಗೆಳತಿಗೆ ಸೀಟ್ ಸಿಕ್ಕೇತಿ" ಎಂದೆ. "ಅಕಿಗೆ ಸಿಕ್ರ ನೀ ಯಾಕ ಹಿಂಗ ಹಾರ್ಯಾಡಾಕತ್ತಿ?" ಎಂದರು. ಈ ಗೆಳತಿ ಹೋದ ವರ್ಷ ಸುಪ್ರೀಂ ಕೋರ್ಟಿನಲ್ಲಿ ನನ್ನ ಎದುರು ಪಾರ್ಟಿಯಾಗಿದ್ದಳು ಎಂದು ಅವರಿಗೆ ಹೇಗೆ ಬಿಡಿಸಿ ಹೇಳಲಿ?

ಇಷ್ಟು ಸಂತೋಷದಲ್ಲಿ ಪತ್ರ ಯಾಕೆ ಎನ್ನುತ್ತೀಯ. ನೀನು ಇಲ್ಲಿಗೆ ಬರುವ ಮೊದಲು ನಿನಗೆ ಒಂದು ವಿಷಯ ತಿಳಿಯಬೇಕು. ಫೋನಿನಲ್ಲಿ ಹೇಳಹೊರಟರೆ ನಗುವಿನಲ್ಲಿ ಹಾರಿಸಿಬಿಡುತ್ತೇನೆ, ನನ್ನ ಬುದ್ಧಿ ನಿನಗೆ ಗೊತ್ತು. ಇದನ್ನು ಓದಿ ನೀನು ನನ್ನ ಸಂಗಡ ಮಾತು ಬಿಟ್ಟರೂ ಬಿಡಬಹುದು. ಆ ಹೆದರಿಕೆಯಿಂದಲೇ ಒಂದು ವರ್ಷ ಬಾಯಿ ಮುಚ್ಚಿಕೊಂಡಿದ್ದೆ.

ವಿದ್ಯಾಗಿರಿಯ ಆ ಬಾಡಿಗೆ ಕೋಣೆಯಲ್ಲಿ ಎರಡು ವರ್ಷ ಒಂದೇ ಮೇಜಿಗೆ ಕೂತು ಓದಿದೆವು. ನೀನು ಭೌತಶಾಸ್ತ್ರದ ಲೆಕ್ಕಗಳನ್ನು ಬಾಯಲ್ಲಿ ಗೊಣಗುತ್ತ ಬಿಡಿಸುತ್ತಿದ್ದೆ, ನಾನು ಪ್ರಾಣಿಶಾಸ್ತ್ರದ ಪುಸ್ತಕದ ಮೇಲೆ ಕೆನ್ನೆಯಿಟ್ಟು ನಿದ್ದೆ ಹೊಡೆಯುತ್ತಿದ್ದೆ. ಆದರೂ ನೀಟ್ ಫಲಿತಾಂಶ ಬಂದಾಗ ನನಗೆ ಸೀಟಿಗೆ ಸಾಕಾಗುವಷ್ಟು ಅಂಕ, ನಿನಗೆ ನನಗಿಂತ ಹನ್ನೊಂದು ಕಡಿಮೆ, ಸೀಟಿಗೆ ಸಾಲದು. ಅಷ್ಟರಲ್ಲಿ ಎಲ್ಲೋ ದೂರದ ಊರಲ್ಲಿ ಪ್ರಶ್ನೆಪತ್ರಿಕೆ ಸೋರಿದೆ ಎಂಬ ಗದ್ದಲ ಎದ್ದಿತು. ಎಲ್ಲರಿಗೂ ಮತ್ತೆ ಪರೀಕ್ಷೆ ನಡೆಸಿ ಎಂದು ಅರ್ಜಿ ಹಾಕಿದವರ ಗುಂಪಿಗೆ ನೀನು ಸೇರಿದೆ. ಬೇಡ, ಬಂದ ಫಲಿತಾಂಶವೇ ಇರಲಿ ಎಂದವರ ಗುಂಪಿಗೆ ನಾನು ಸೇರಿದೆ. ನಾವಿಬ್ಬರೂ ಕದ್ದವರಲ್ಲ. ಕದ್ದವರು ಯಾರೋ, ಕಚ್ಚಾಡಬೇಕಾದವರು ನಾವು.

ನಮ್ಮ ಗುಂಪಿನ ವಕೀಲರು ಕೋರ್ಟಿಗೆ ಕೊಡುವ ಪ್ರಮಾಣಪತ್ರದ ಕರಡನ್ನು ಎಲ್ಲರ ಫೋನಿಗೂ ಕಳಿಸಿ, ಅವರವರ ಊರಲ್ಲೇ ಟೈಪ್ ಮಾಡಿಸಿ ನೋಟರಿ ಮಾಡಿಸಿರಿ ಎಂದರು. ನಮ್ಮ ಹುನಗುಂದದಲ್ಲಿ ಕೋರ್ಟಿನ ಕಾಗದವೆಂದರೆ ಕಾಲುಗಳು ತಾವಾಗಿಯೇ ಗೌಸಸಾಬ ಚಾಚಾನ ಟೈಪಿಂಗ್ ಅಂಗಡಿಗೆ ಹೋಗುತ್ತವೆ. ಯೋಚನೆಯೇ ಮಾಡದೆ ಹೋಗಿ ಕೂತೆ. ಕೂತ ಮೇಲೆ ನೆನಪಾಯಿತು, ಇವರು ನಿನ್ನ ಅಪ್ಪ! ಏಳಲೂ ಆಗಲಿಲ್ಲ, ಕೂರಲೂ ಆಗಲಿಲ್ಲ. ಚಾಚಾ ಮಾತ್ರ ಏನೂ ಆಗದವರಂತೆ ಫೋನು ಇಸಿದುಕೊಂಡು ಟೈಪ್ ಮಾಡತೊಡಗಿದರು.

ಅವರ ಪದ್ಧತಿ ನಿನಗೆ ಗೊತ್ತೇ ಇದೆ. ಪ್ರತಿ ಸಾಲನ್ನೂ ಇಂಗ್ಲಿಷಿನಲ್ಲಿ ಓದುತ್ತಾರೆ, ಕನ್ನಡದಲ್ಲಿ ಅರ್ಥ ಹೇಳುತ್ತಾರೆ, ನಾವು ಹೂಂ ಎಂದ ಮೇಲೆಯೇ ಮುಂದಿನ ಸಾಲು. ಏಳನೇ ಸಾಲಿಗೆ ಬಂದರು. ದನಿ ಸ್ವಲ್ಪವೂ ಬದಲಾಗಲಿಲ್ಲ. "ಮತ್ತೊಮ್ಮೆ ಪರೀಕ್ಷಾ ಬೇಕನ್ನೋರು ನೆಟ್ಟಗ ಓದಲಾರ್ದ, ಈಗ ನೆವಾ ಹುಡಕಾಕತ್ತಾರ ಅಂತ ಐತಿ. ಬರೋಬ್ಬರಿ ಐತೇನ ನೇತ್ರವ್ವಾ?"

ನಾನು ಹೂಂ ಎಂದೆ, ಸಾಜಿಯಾ. ನಿನ್ನ ಅಪ್ಪನ ಮುಖ ನೋಡಿಕೊಂಡೇ ಹೂಂ ಎಂದೆ. ನಿನ್ನ ಗೊಣಗಾಟಕ್ಕೆ ಎರಡು ವರ್ಷ ಬೆಳಗಿನ ನಿದ್ದೆ ಕೆಡಿಸಿಕೊಂಡವಳು ನಾನೇ, ನೀನು ಓದಲಿಲ್ಲ ಎಂದು ಒಪ್ಪಿದವಳೂ ನಾನೇ.

ಕಾಗದ ಹಿಡಿದು ನೋಟರಿಯ ಬಾಗಿಲ ತನಕ ಹೋದೆ. ಅಲ್ಲಿ ಕಾಲು ಮುಂದೆ ಹೋಗಲಿಲ್ಲ. ವಾಪಸು ಬಂದು, "ಚಾಚಾ, ಆ ಸಾಲು ಸುಳ್ಳೈತ್ರಿ" ಎಂದೆ. ಬಯ್ಯುತ್ತಾರೆ ಎಂದುಕೊಂಡಿದ್ದೆ, ಬೈದಿದ್ದರೆ ಚೆನ್ನಾಗಿತ್ತು. "ಸುಳ್ಳಿದ್ರ ಪ್ರಮಾಣದಾಗ ಇರಬಾರ್ದು. ಹೋಗು, ಹೊಸಾ ಬಾಂಡ್ ಪೇಪರ್ ತೊಗೊಂಬಾ" ಎಂದರು. ಆ ಸಾಲು ತೆಗೆದು ಹೊಸದಾಗಿ ಟೈಪ್ ಮಾಡಿ, "ಈ ಸಲ ನೀ ಓದು, ನಾ ಕೇಳ್ತೇನಿ" ಎಂದರು. ನಾನು ಒಂದೊಂದೇ ಸಾಲು ಓದಿದೆ, ಅವರು ಹೂಂ ಎನ್ನುತ್ತ ಹೋದರು. ಚಹಾ ತರಿಸಿ ಕುಡಿಸಿ ಕಳಿಸುವಾಗ, "ಅಂಗಡಿ ಮಾತು ಅಂಗಡ್ಯಾಗ ಇರತೈತಿ, ಮನಿಗೆ ಒಯ್ಯೂದಿಲ್ಲ" ಎಂದರು. ಒಯ್ದಿಲ್ಲ ಎಂದು ನನಗೆ ಗೊತ್ತು. ಒಯ್ದಿದ್ದರೆ ಮರುವಾರ ನೀನು ನನ್ನನ್ನು ಮನೆಗೆ ಕರೆಯುತ್ತಿರಲಿಲ್ಲ.

ಯಾಕೆ ಕರೆದೆ ಹೇಳು? ನಿನ್ನ ಫೋನಿನ ಪರದೆ ಒಡೆದಿತ್ತು, ಕೋರ್ಟಿನ ವಿಚಾರಣೆ ನೋಡಲು ನನ್ನ ಫೋನು ಬೇಕಿತ್ತು! ಒಂದೇ ಮಂಚದ ಮೇಲೆ ವಾದಿ, ಪ್ರತಿವಾದಿ. ಒಂದು ಇಯರ್‌ಫೋನಿನ ಒಂದು ತುದಿ ನಿನ್ನ ಕಿವಿಗೆ, ಇನ್ನೊಂದು ನನ್ನ ಕಿವಿಗೆ. ನಿಮ್ಮ ವಕೀಲರು ಚೆನ್ನಾಗಿ ವಾದಿಸಿದರೆ ನಾನು ನಿನ್ನನ್ನು ಚಿವುಟುತ್ತಿದ್ದೆ, ನಮ್ಮವರು ವಾದಿಸಿದರೆ ನೀನು ಚಿವುಟುತ್ತಿದ್ದೆ. ಕೋರ್ಟು ಊಟಕ್ಕೆ ಎದ್ದಾಗ ನಾವೂ ಏಳುತ್ತಿದ್ದೆವು. ನಿಮ್ಮಮ್ಮ ಹುಸೇನಬಿ ಚಾಚಿ ಚುರುಮುರಿಯ ಸುಸಲಾ ತಂದಿಟ್ಟು, "ಇಬ್ರೂ ಗೆಲ್ಲಾಕ ಬರೂದಿಲ್ಲೇನ ಇದರಾಗ?" ಎಂದು ಕೇಳಿದ್ದು ನೆನಪಿದೆಯಾ? ಅಷ್ಟು ದೊಡ್ಡ ವಕೀಲರಲ್ಲಿ ಒಬ್ಬರೂ ಕೇಳದ ಪ್ರಶ್ನೆ ಅದು.

ಜುಲೈ ತಿಂಗಳ ಆ ಮಂಗಳವಾರ ಸಂಜೆ ತೀರ್ಪು ಬಂತು. ಮರುಪರೀಕ್ಷೆ ಇಲ್ಲ. ನಾನು ಗೆದ್ದೆ, ನಿನ್ನ ಕಡೆ ತಿರುಗುವ ಧೈರ್ಯವಾಗಲಿಲ್ಲ. ನೀನು ಇಯರ್‌ಫೋನು ತೆಗೆದಿಟ್ಟು, ಮುಖ ತೊಳೆದುಕೊಂಡು ಬಂದು, ಒಂದು ನೋಟುಬುಕ್ಕು ಹಿಡಿದು ಕೂತೆ. "ಕಾಲೇಜುಗಳ ಪಟ್ಟಿ ಮಾಡೂಣು ಬಾ. ನಿನಗ ಬಿಟ್ರ ಬೆಂಗಳೂರ ಮೊದಲ ಬರದು ಎಲ್ಲಾ ಗುಂಡಾಂತರ ಮಾಡ್ತಿ" ಎಂದೆ ನೀನು. ಹೋದ ವರ್ಷದ ರ‍್ಯಾಂಕುಗಳನ್ನೆಲ್ಲ ತಾಳೆ ನೋಡಿ, ಯಾವುದು ಮೊದಲು, ಯಾವುದು ಆಮೇಲೆ ಎಂದು ನಲವತ್ತು ಕಾಲೇಜುಗಳ ಸಾಲು ನೀನೇ ಹಚ್ಚಿಕೊಟ್ಟೆ. ನಾನು ಇವತ್ತು ಇಲ್ಲಿರುವುದು ಆ ಪಟ್ಟಿಯಿಂದ. ಮರುದಿನ ನೀನು ಒಬ್ಬಳೇ ವಿದ್ಯಾಗಿರಿಯ ಬಸ್ಸು ಹತ್ತಿದೆ, ಇನ್ನೊಂದು ವರ್ಷ ಓದಲಿಕ್ಕೆ.

ಇವತ್ತು ಕುಣಿದು ದಣಿದ ಮೇಲೆ ಸೀಟು ಹಂಚಿಕೆಯ ಪಟ್ಟಿಯನ್ನು ಇನ್ನೊಮ್ಮೆ ತೆಗೆದು ನಿಧಾನವಾಗಿ ನೋಡಿದೆ. ನಿನ್ನದೇ ವರ್ಗದಲ್ಲಿ, ನಿನಗಿಂತ ನೂರಾರು ರ‍್ಯಾಂಕು ಹಿಂದಿರುವವರಿಗೆ ಹುಬ್ಬಳ್ಳಿ ಸಿಕ್ಕಿದೆ. ಹುಬ್ಬಳ್ಳಿಯನ್ನೇ ಅಲ್ಲವೇನೇ ನೀನು ಒಂಬತ್ತನೇ ತರಗತಿಯಿಂದ ಜಪ ಮಾಡಿದ್ದು? ಕಾಲೇಜುಗಳ ಪಟ್ಟಿ ಬರೆಯುವುದರಲ್ಲಿ ನೀನು ತಪ್ಪುವವಳಲ್ಲ. ಅಂದರೆ ನಾನಿರುವ ಗದಗನ್ನು ಬೇಕೆಂದೇ ಎಲ್ಲಕ್ಕಿಂತ ಮೇಲೆ ಬರೆದಿದ್ದೀಯ, ಹುಚ್ಚಿ.

ಅವತ್ತು ಹೂಂ ಎಂದದ್ದಕ್ಕೆ ಕ್ಷಮೆ ಬೇಡುತ್ತೇನೆ. ಸಿಟ್ಟು ಬಂದರೆ ಇಲ್ಲಿ ಬಸ್ ಸ್ಟ್ಯಾಂಡಿನಲ್ಲಿ ಇಳಿದ ಕೂಡಲೇ ಬೈ, ಜನ ಸೇರಲಿ, ನಿನ್ನ ಪೆಟ್ಟಿಗೆ ಹೊತ್ತುಕೊಂಡು ನಿಂತೇ ಕೇಳುತ್ತೇನೆ. ಆದರೆ ಬಾ.

ನಿನ್ನ ಕೈಗುಣ ನಾಲ್ಕು ಊರಿಗೆ ಹೆಸರಾಗಲಿ. ನಿನ್ನ ಕೈಗೆ ಬಂದವರು ನಗುನಗುತ್ತ ಮನೆಗೆ ನಡೆಯಲಿ. ಚಾಚಾಗೆ, ಚಾಚಿಗೆ ನನ್ನ ಸಲಾಮು.

ದಾರಿ ಕಾಯುತ್ತಿರುವ,
ನಿನ್ನ ನೇತ್ರಾ