ಹೊಸದುರ್ಗದ ವಿಳಾಸದಿಂದ ಅವ್ವ ಇನ್ನೂ ಕರೆಯುತ್ತಿದ್ದಾಳೆ

ಹುಡುಕುಯಂತ್ರದ ಮೇಲಧಿಕಾರಿಗಳಾದ ಮಾನ್ಯರೇ,

ತೀರಿಕೊಂಡ ನನ್ನ ಅವ್ವನನ್ನು ನಿಮ್ಮ ಯಂತ್ರ ದಿನವೂ ಎಬ್ಬಿಸಿ ವ್ಯಾಪಾರಕ್ಕೆ ಕೂರಿಸುತ್ತಿದೆ. ಅವಳ ಹೆಸರು ಹುಡುಕಿದವರಿಗೆ ಕಳ್ಳನೊಬ್ಬನ ವೆಬ್‌ಸೈಟನ್ನು ಮೊದಲು ತೋರಿಸುತ್ತದೆ. ಹೆತ್ತ ಮಗಳಾದ ನಾನು ನಡೆಸುವುದನ್ನು ನಕಲು ಎಂದು ಬಚ್ಚಿಡುತ್ತದೆ. ನಿಮಗೆ ಮೂರು ಸಲ ದೂರು ಕೊಟ್ಟೆ, ಮೂರು ಸಲವೂ ಒಂದೇ ಉತ್ತರ ಬಂತು. ನಕಲು ಕಂಡರೆ ಆಗದ ನೀವು ನಿಮ್ಮ ಉತ್ತರವನ್ನು ಮಾತ್ರ ಅಕ್ಷರ ತಪ್ಪದೆ ನಕಲು ಮಾಡುತ್ತೀರಿ. ಆದ್ದರಿಂದ ಈಗ ಎಲ್ಲರ ಎದುರು ಬರೆಯುತ್ತಿದ್ದೇನೆ.

ಅವ್ವನ ಹೆಸರು ಮಲ್ಲಕ್ಕ. ಯಲ್ಲದಕೆರೆಯ ನಮ್ಮ ಮನೆಯಲ್ಲಿ ಅಪ್ಪ ಗೋವಿಂದಪ್ಪ ಕಂಬಳಿ ನೇಯುತ್ತಿದ್ದರು, ಅವ್ವ ಮಾರುತ್ತಿದ್ದಳು. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಎಲ್ಲ ಸಂತೆಯಲ್ಲೂ ಅದೇ ಕಂಬಳಿ ಹಾಸಿ ಅದೇ ಮಾತಾಡುತ್ತಿದ್ದಳು: “ಬರ್ರಿ, ಕುಂತ್ಕಳ್ರಿ. ಚುಚ್ಚಿದ್ರೆ ಬ್ಯಾಡ, ಮಡಚಿಡ್ತೀನಿ.” ಕಂಬಳಿಯ ಮೇಲೆ ಒಮ್ಮೆ ಕೂರಿಸದೆ ಅವಳು ಯಾರಿಗೂ ಮಾರಿದವಳಲ್ಲ. ನಾನು ವೆಬ್‌ಸೈಟ್ ಮಾಡುತ್ತೇನೆ ಎಂದಾಗ “ಯಾವ ಊರಿಂದು?” ಎಂದು ಕೇಳಿದಳು. ಎಲ್ಲ ಊರಿಗೂ ಒಂದೇ ಸಾಕು ಎಂದೆ.

“ಹೊಸದುರ್ಗದೋರು ಹಿರಿಯೂರಿಗೆ ಯಾಕೆ ಬರ್ತಾರವ್ವ? ಅವರತ್ರ ನಾವೇ ಹೋಗ್ಬೇಕು” ಎಂದಳು.

ಸಂತೆ ಮಾಡಿ ಬದುಕಿದವಳ ಮಾತು, ನನಗೂ ಸರಿ ಎನಿಸಿತು. ಊರಿಗೊಂದು ವೆಬ್‌ಸೈಟ್ ಮಾಡಿದೆ. ಚಿತ್ರ ಅವೇ, ಮಾತು ಅವೇ, ಊರಿನ ಹೆಸರೊಂದೇ ಬೇರೆ. ಅವಳ ಫೋಟೋ ಮುಟ್ಟಿದರೆ “ಬರ್ರಿ, ಕುಂತ್ಕಳ್ರಿ” ಎಂಬ ಅವಳದೇ ದನಿ ಕೇಳಿಸುವಂತೆ ಮಾಡಿದ್ದೆ. ಮೊದಲು ತೆರೆದದ್ದು ಹೊಸದುರ್ಗದ್ದು.

ಒಂದೇ ಸರಕನ್ನು ನಾಲ್ಕು ಊರಲ್ಲಿ ಹಾಸುವುದು ನಿಮ್ಮ ಶಾಸ್ತ್ರದಲ್ಲಿ ಸಲ್ಲದು ಎಂದು ಆಮೇಲೆ ತಿಳಿಯಿತು. ಒಂದೇ ತೆರನಾದ ಪುಟಗಳಲ್ಲಿ ಒಂದನ್ನು ಅಸಲು ಎಂದು ಆರಿಸಿ ಉಳಿದವನ್ನು ಮರೆಮಾಡುತ್ತೀರಂತೆ. ಇದು ಶಿಕ್ಷೆಯಲ್ಲ, ಆಯ್ಕೆ ಎಂದೂ ಹೇಳುತ್ತೀರಿ. ಎಂಥ ದಯೆ! ನೀವು ಹೊಸದುರ್ಗದ್ದನ್ನು ಆರಿಸಿದಿರಿ.

ಅವ್ವ ಹೋದ ಮೇಲೆ ಸಂತೆ ತಿರುಗುವವರು ಇರಲಿಲ್ಲ. ಮನೆಗೆ ಹತ್ತಿರದ ಹಿರಿಯೂರಿನ ವೆಬ್‌ಸೈಟ್ ಒಂದನ್ನೇ ಇಟ್ಟುಕೊಂಡು ಉಳಿದ ವೆಬ್‌ಸೈಟುಗಳ ಹೆಸರುಗಳನ್ನು ಹಣ ಕಟ್ಟದೆ ಬಿಟ್ಟುಕೊಟ್ಟೆವು. ಬಿಟ್ಟ ಹೆಸರು ಬಾಡಿಗೆ ಮನೆಯ ಹಾಗೆ, ಯಾರು ಬೇಕಾದರೂ ಬಂದು ಸೇರಬಹುದು. ಹೊಸದುರ್ಗದ ಹೆಸರಿಗೆ ಯಾರೋ ಸೇರಿಕೊಂಡರು. ಅವ್ವನ ಫೋಟೋ, ಅವ್ವನ ದನಿ, ಎಲ್ಲವನ್ನೂ ನಮ್ಮ ಹಿರಿಯೂರಿನ ವೆಬ್‌ಸೈಟಿನಿಂದ ಕದ್ದು ಇದ್ದ ಹಾಗೇ ಇಟ್ಟು ಫೋನ್ ನಂಬರ್ ಮಾತ್ರ ತಮ್ಮದು ಹಾಕಿದರು. ನಿಮ್ಮ ಯಂತ್ರಕ್ಕೆ ಹಳೆಯ ವಿಳಾಸ ಗುರುತಿತ್ತು. ಒಳಗಿರುವವರು ಯಾರೆಂದು ಅದು ಕೇಳಲಿಲ್ಲ.

ನಿಮ್ಮ ಉತ್ತರದಲ್ಲಿ ಎರಡು ಉಪಾಯಗಳಿದ್ದವು. ಹಳೆಯ ವಿಳಾಸಕ್ಕೆ ಬಂದವರನ್ನು ಹೊಸದಕ್ಕೆ ಕಳಿಸಿ ಎಂದಿರಿ. ಬೀಗದ ಕೈ ಕಳ್ಳನ ಹತ್ತಿರ ಇರುವಾಗ ಬಾಗಿಲಲ್ಲಿ ನಿಂತು ನಾನು ಯಾರನ್ನು ಕಳಿಸಲಿ? ಇಲ್ಲವೇ ನಿಮ್ಮ ಪುಟದ ವಿಷಯವನ್ನು ಬದಲಿಸಿ ಎಂದಿರಿ. ಮಾತು ಬದಲಿಸಿದೆ, ಚಿತ್ರ ಬದಲಿಸಿದೆ. ಸತ್ತವಳ ದನಿಯನ್ನು ಹೇಗೆ ಬದಲಿಸಲಿ ಸ್ವಾಮಿ? ಇನ್ನೊಮ್ಮೆ ಹೇಳವ್ವ ಎಂದು ಯಾರನ್ನು ಕೇಳಲಿ?

ನಮ್ಮಪ್ಪನಿಗೆ ಓದು ಬಾರದು. ಸಂಜೆ ಮಗ್ಗ ಬಿಟ್ಟೆದ್ದು ಫೋನಿಗೆ “ಮಲ್ಲಕ್ಕನ ಕಂಬಳಿ” ಎಂದು ಹೇಳುತ್ತಿದ್ದರು. ನಿಮ್ಮ ಯಂತ್ರ ಅವರನ್ನು ಹೊಸದುರ್ಗದ ವಿಳಾಸಕ್ಕೆ ಕರೆದೊಯ್ಯುತ್ತಿತ್ತು. ಫೋಟೋ ಮುಟ್ಟಿ ಅವಳ ದನಿ ಕೇಳುತ್ತಿದ್ದರು. ಅವರು ತೆರೆಯುವುದು ನಮ್ಮ ವೆಬ್‌ಸೈಟನ್ನೇ ಎಂದುಕೊಂಡು ನಾನೂ ತಡೆಯಲಿಲ್ಲ. ಹೋದ ತಿಂಗಳು ಮನೆಗೆ ಒಂದು ಪಾರ್ಸೆಲ್ ಬಂತು. ಕಂಬಳಿ ನೇಯುವ ನನ್ನ ಅಪ್ಪ ಆ ಪುಟದ ನಂಬರಿಗೆ ಫೋನ್ ಮಾಡಿ ಕಂಬಳಿ ತರಿಸಿಕೊಂಡಿದ್ದರು.

“ಯಾಕಪ್ಪಾ?” ಎಂದೆ.

“ನಿಮ್ಮವ್ವ ದಿನಾ ಕರೀತಾಳೆ. ಬರ್ರಿ ಬರ್ರಿ ಅಂತಾಳೆ. ಒಂದಾದ್ರೂ ತಗಳ್ಳಿಲ್ಲ ಅಂದ್ರೆ ಹೆಂಗೆ?”

ಬಿಚ್ಚಿ, ಹಾಸಿ, ಮೇಲೆ ಕೂತರು. ಗಿರಣಿಯ ಸರಕು, ಪ್ಲಾಸ್ಟಿಕ್ಕಿನ ನುಣುಪು. ಮೂಸಿ ನೋಡಿದರು. ಕುರಿಯ ವಾಸನೆ ಇರಲಿಲ್ಲ, ನೂಲಿಗೆ ಹಚ್ಚುವ ಹುಣಸೆಬೀಜದ ಗಂಜಿಯ ವಾಸನೆಯೂ ಇರಲಿಲ್ಲ. “ಇದು ಚುಚ್ಚಾದೇ ಇಲ್ಲ” ಎಂದರು. ಅವರ ಮುಖ ನೋಡಲು ನನಗೆ ಭಯವಾಯಿತು. “ಹಂಗಾರೆ ದಿನಾ ಕರೆದಿದ್ದು ಯಾರು?”

ಕಳ್ಳತನದ ಕಥೆಯೆಲ್ಲ ಹೇಳಿದೆ. ಧೈರ್ಯ ಬರಲಿ ಎಂದು ನಮ್ಮ ವೆಬ್‌ಸೈಟ್ ತೆರೆದು ಅವ್ವನ ದನಿ ಕೇಳಿಸಿದೆ. ಅರ್ಧಕ್ಕೇ ಕೈ ಅಡ್ಡ ಹಿಡಿದರು.

“ಬ್ಯಾಡ, ಆರ್ಸು. ಆ ಹೊಸದುರ್ಗದೋಳೂ ಹಿಂಗೇ ಕರೆದ್ಲು.”

ಅಂದಿನಿಂದ ಅಪ್ಪ ಆ ದನಿ ಕೇಳಿಲ್ಲ. ಅಸಲನ್ನೂ ಕೇಳಿಲ್ಲ, ನಕಲನ್ನೂ ಕೇಳಿಲ್ಲ. ನಾನೂ ಈಗ ಅದನ್ನು ಒತ್ತುವುದಿಲ್ಲ.

ಮಾನ್ಯರೇ, ಹೊಸದುರ್ಗದ ಆ ಪುಟವನ್ನು ನಿಮ್ಮ ಹುಡುಕಾಟದಿಂದ ತೆಗೆಯಿರಿ. ಯಂತ್ರಕ್ಕೆ ಒಪ್ಪಿಸದೆ, ಕಿವಿಯಿರುವ ಒಬ್ಬ ಮನುಷ್ಯನಿಂದ ಈ ದೂರನ್ನು ಓದಿಸಿ. ನನ್ನ ವೆಬ್‌ಸೈಟನ್ನು ಮೇಲೆ ತೋರಿಸದಿದ್ದರೂ ಚಿಂತೆಯಿಲ್ಲ, ವ್ಯಾಪಾರ ಹೇಗೋ ಆಗುತ್ತದೆ. ಅಪ್ಪನಿಗೆ ಅವಳ ದನಿಯನ್ನು ಹಿಂದಿರುಗಿಸುವುದು ನಿಮ್ಮಿಂದಾಗದು, ಅದು ನನಗೆ ಗೊತ್ತು. ಅವಳು ಕರೆಯುವುದನ್ನಾದರೂ ನಿಲ್ಲಿಸಿ.

ಇಂತಿ,
ನಿಮ್ಮ ಲೆಕ್ಕದಲ್ಲಿ ನಕಲಾಗಿರುವ,
ಮಲ್ಲಕ್ಕನ ಒಬ್ಬಳೇ ಮಗಳು
ಚೈತ್ರಾ, ಯಲ್ಲದಕೆರೆ