ಊಟವಿಲ್ಲದ ಕ್ಯಾರಿಯರ್

ಡಯಾಲಿಸಿಸ್ ವಿಭಾಗದ ಮುಖ್ಯಸ್ಥರಿಗೆ,

ಮಾನ್ಯರೇ, ನನ್ನ ಅಮ್ಮ ಇನ್ನು ನಿಮ್ಮಲ್ಲಿಗೆ ಬರುವುದಿಲ್ಲ ಎನ್ನುತ್ತಿದ್ದಾಳೆ. ಡಯಾಲಿಸಿಸ್ ಬಿಟ್ಟರೆ ಏನಾಗುತ್ತದೆಂದು ನಿಮಗೆ ಹೇಳಬೇಕಿಲ್ಲ. ಅವಳಿಗೂ ಗೊತ್ತು. ಗೊತ್ತಿದ್ದೇ ಹಟ ಹಿಡಿದಿದ್ದಾಳೆ. ಆ ಹಟ ಶುರುವಾದದ್ದು ನಿಮ್ಮವರು ಆಡಿದ ಒಂದು ಶಬ್ದದಿಂದ.

ಕಳೆದ ತಿಂಗಳು ಅಮ್ಮನ ಮೂಗಿನಿಂದ ಸ್ಯಾಂಪಲ್ ತೆಗೆದಿರಿ. ವರದಿ ಬಂದ ದಿನ ಸಿಸ್ಟರ್ ಮಷಿನ್ ಮೇಲೆ ಕೆಂಪು ಸ್ಟಿಕ್ಕರ್ ಅಂಟಿಸುತ್ತಾ, "ಅಮ್ಮಾ, ನೀವು ಕ್ಯಾರಿಯರ್" ಅಂದರಂತೆ.

"ಇಲ್ಲ ಸಿಸ್ಟರ್, ಇವತ್ತು ಕ್ಯಾರಿಯರ್ ತಂದಿಲ್ಲ. ಮನೇಲೇ ಊಟ ಮಾಡ್ಕೊಂಡ್ ಬಂದೆ."

ವಾರ್ಡಿಗೆ ವಾರ್ಡೇ ನಕ್ಕಿತು. ಪಕ್ಕದ ಬೆಡ್ಡಿನ ಮೇಷ್ಟ್ರು, "ಏನ್ ತಾಯಿ, ನಮಗೂ ಉಳಿಸದೆ ಒಬ್ರೇ ಮುಗಿಸ್ಬಿಟ್ರಾ?" ಎಂದು ಕಾಲೆಳೆದರು. ಕ್ಯಾರಿಯರ್ ಅಂದರೆ ರೋಗಾಣು ಹೊತ್ತವರು ಎಂದು ಅವಳಿಗೆ ಅರ್ಥ ಹೇಳುವುದು ಆ ನಗುವಿನಲ್ಲಿ ಎಲ್ಲರಿಗೂ ಮರೆತುಹೋಯಿತು.

ಮುಂದಿನ ಸಲ ಅಮ್ಮನನ್ನು ಮೂಲೆಗೆ ಹಾಕಿ ಪರದೆ ಎಳೆದಿರಿ. ಬೇರೆ ಇಡುವುದು ತಪ್ಪೆಂದು ನಾನು ಹೇಳುತ್ತಿಲ್ಲ. ಆದರೆ ಆ್ಯಂಟಿಬಯಾಟಿಕ್‌ಗೆ ಬಗ್ಗದ ಬ್ಯಾಕ್ಟೀರಿಯಾ ತನ್ನ ಮೈಮೇಲಿದೆ ಎಂಬುದನ್ನು ಅವಳು ಪರದೆಯಾಚೆಯ ಪಿಸುಮಾತಿನಿಂದಲೇ ತಿಳಿಯಬೇಕಿತ್ತೇ? ಆಮೇಲೆ ಮೇಷ್ಟ್ರಿಗೆ ಚಳಿಜ್ವರ ಬಂತು. ರಕ್ತಕ್ಕೆ ಸೋಂಕು, ಐಸಿಯು. ಯಾವ ಔಷಧಿಯೂ ನಾಟಲಿಲ್ಲ. ಮೇಷ್ಟ್ರು ಹೋಗಿಬಿಟ್ಟರು.

ನಾನು ಹಾಸ್ಟೆಲಿನಿಂದ ಮನೆಗೆ ಹೋದಾಗ ಅಮ್ಮ ಬಾಗಿಲಲ್ಲೇ ತಡೆದಳು. "ಅಲ್ಲೇ ನಿಲ್ಲು. ಮುಟ್ಬೇಡ ನನ್ನ."

"ಕೈ ತೊಳ್ಕೊಂಡ್ರೆ ಸಾಕಮ್ಮಾ. ನಾನು ಚೆನ್ನಾಗೇ ಇದೀನಲ್ಲ, ನನಗೇನೂ ಆಗಲ್ಲ. ನಮ್ಮ ಮೈಕ್ರೋಬಯಾಲಜಿ ಮೇಡಂನ ಕೇಳ್ಕೊಂಡೇ ಬಂದಿದೀನಿ."

"ಮೇಷ್ಟ್ರ ಮನೇವ್ರಿಗೂ ಹೋಗಿ ಇದನ್ನೇ ಹೇಳ್ತೀಯೇನೆ? ನಾನೇ ಕೊಂದೆ ಕಣೇ ಅವರನ್ನ. ಇನ್ನೊಬ್ರನ್ನ ಕೊಲ್ಲೋಕೆ ಯಾಕ್ ಬರಲಿ ಅಲ್ಲಿಗೆ?"

ಕಾಲೇಜಿಗೆ ಈಗಷ್ಟೇ ಸೇರಿದವಳು ನಾನು, ಸಾರಿ, ದೊಡ್ಡವರನ್ನು ಪ್ರಶ್ನಿಸಿ ಅಭ್ಯಾಸವಿಲ್ಲ. ಆದರೂ ಕೇಳುತ್ತೇನೆ. ಕೈಗೆ ಸೂಜಿ ಚುಚ್ಚಿಸಿಕೊಂಡು ಮೂಗು ತುರಿಸಿಕೊಳ್ಳಲೂ ಆಗದೆ ಮಲಗಿದ್ದವಳು ಪಕ್ಕದ ಬೆಡ್ಡಿಗೆ ಎದ್ದು ಹೋದಳೇ? ಬೆಡ್ಡಿಂದ ಬೆಡ್ಡಿಗೆ ಓಡಾಡುವ ಕೈಗಳು ಯಾರವು? ಸಿಸ್ಟರನ್ನು ದೂರಲು ನನಗೆ ಬಾಯಿ ಬಾರದು. ಅಷ್ಟೂ ಮಷಿನ್‌ಗಳಿಗೆ ಅವರೊಬ್ಬರೇ. ಒಂದು ಕೂಗುವಷ್ಟರಲ್ಲಿ ಇನ್ನೊಂದು ಕೂಗುತ್ತದೆ. ಗೋಡೆಯ ಸ್ಯಾನಿಟೈಸರ್ ಬಾಟಲಿ ನಾನು ಒತ್ತಿದಾಗಲೆಲ್ಲ ಗಾಳಿ ಉಗುಳಿದೆ. ಅದರ ಮೇಲೆ 'ನಿಮ್ಮ ಸುರಕ್ಷತೆಯೇ ನಮ್ಮ ಧ್ಯೇಯ' ಎಂಬ ಬೋರ್ಡು ಮಾತ್ರ ಫಳಫಳ ಹೊಳೆಯುತ್ತಿದೆ. ಯಾರಿಗೆ ಸ್ವಲ್ಪ ನಡುಕ ಬಂದರೂ ಪರೀಕ್ಷೆಗೆ ಕಾಯದೆ ದೊಡ್ಡ ಆ್ಯಂಟಿಬಯಾಟಿಕ್ಕೇ ಏರಿಸುವವರೂ ನೀವೇ. ಹೀಗೆ ಆ ಬ್ಯಾಕ್ಟೀರಿಯಾವನ್ನು ಸಾಕಿ ಬೆಳೆಸಿದ್ದು ನೀವು, ಅದನ್ನು ಹೊತ್ತ ತಪ್ಪಿಗೆ ಮೂಲೆ ಸೇರಿದ್ದು ಅಮ್ಮ!

ಮೇಷ್ಟ್ರಿಗೆ ಸೋಂಕು ಎಲ್ಲಿಂದ ಬಂತೋ ನನಗೆ ಗೊತ್ತಿಲ್ಲ. ಬಹುಶಃ ನಿಮಗೂ ಗೊತ್ತಿಲ್ಲ. ಆದರೆ ನೀವು ಸುಮ್ಮನಿದ್ದೀರಿ, ಆ ಮೌನವನ್ನು ಅಮ್ಮ ತೀರ್ಪು ಅಂದುಕೊಂಡಿದ್ದಾಳೆ.

ಬಾಟಲಿ ತುಂಬಿಸಿ. ಇನ್ನೊಬ್ಬ ಸಿಸ್ಟರನ್ನು ಕೊಡಿ. ಪರೀಕ್ಷೆ ಮಾಡಿ ಔಷಧಿ ಕೊಡಿ. ಇವಕ್ಕೆಲ್ಲ ಮೀಟಿಂಗು, ಮಂಜೂರಾತಿ ಬೇಕೆನ್ನುತ್ತೀರಿ, ಇರಲಿ. ಅಮ್ಮನಿಗೊಂದು ಫೋನ್ ಮಾಡಲು ಯಾರ ಮಂಜೂರಾತಿಯೂ ಬೇಡ. ಗುರುವಾರ ಅಮ್ಮನ ಸರದಿ. ನಾನು ಹೇಳಿದರೆ, ಮಗಳು ಸಮಾಧಾನಕ್ಕೆ ಹೇಳುತ್ತಾಳೆ ಎಂದು ತಳ್ಳಿಹಾಕುತ್ತಾಳೆ. ನೀವು ಹೇಳಿದರೆ ನಂಬುತ್ತಾಳೆ, ಈಗಲೂ. "ತಪ್ಪು ನಿಮ್ಮದಲ್ಲ, ಬನ್ನಿ" ಎನ್ನಿ ಸಾಕು. ಬುಧವಾರ ಸಂಜೆಯೊಳಗೆ.

ಇಂತಿ,
ಫೋನಿನ ಪಕ್ಕದಲ್ಲೇ ಕೂತಿರುವ,
ಅಮ್ಮನನ್ನು ಇನ್ನೂ ಮುಟ್ಟಲಾಗದ ಮಗಳು