ಅಮ್ಮನಿಗೂ ಚಿಕ್ಕಪ್ಪನಿಗೂ ತಿಳಿಯುವ ಕರಾರು

ಸಾಸಲು,
14 ಸೆಪ್ಟೆಂಬರ್ 2025, ಭಾನುವಾರ

ಪ್ರೀತಿಯ ರಂಜಿತ,

ಗಂಡಹೆಂಡತಿ ಇಬ್ಬರೂ ಹೇಗಿದ್ದೀರಿ? ಬೀದರಿನ ನೀರು ಇನ್ನೂ ನಿನಗೆ ಒಗ್ಗಿಲ್ಲವೆಂದು ಅಮ್ಮನಿಗೆ ಚಿಂತೆ. ಕುದಿಸಿ ಆರಿಸಿದ್ದನ್ನೇ ಕುಡಿಯಬೇಕಂತೆ. ಪಾಲಿಟೆಕ್ನಿಕ್‌ನಲ್ಲಿ ದಿನವಿಡೀ ನಿಂತು ಪಾಠ ಮಾಡಬಾರದಂತೆ. ಅವಳ ಮಂಡಿನೋವು ಹಾಗೇ ಇದೆ, ಗೊಣಗುವುದು ಮಾತ್ರ ಕಡಿಮೆಯಾಗಿದೆ. ಯಾಕೆಂದು ಹೇಳುತ್ತೇನೆ ಕೇಳು.

ನಮ್ಮ ತೋಟಕ್ಕೂ ಚಿಕ್ಕಪ್ಪನ ತೋಟಕ್ಕೂ ಇರುವುದು ಒಂದೇ ಬೋರ್‌ವೆಲ್ ತಾನೇ. ಅಪ್ಪ ಇದ್ದಾಗ ಅಣ್ಣತಮ್ಮಂದಿರ ಬಾಯಿಮಾತೇ ಸಾಕಾಗಿತ್ತು. ಈ ವರ್ಷ ಕರೆಂಟು ಬಂದಾಗಲೆಲ್ಲ ಅಮ್ಮ ಹಿಪ್ಪುನೇರಳೆ ಕಡೆಗೆ ವಾಲ್ವು ತಿರುಗಿಸುವುದು, ಚಿಕ್ಕಪ್ಪ ಬಂದು ತನ್ನ ಸೇವಂತಿಗೆ ಕಡೆಗೆ ತಿರುಗಿಸುವುದು. ಕೊನೆಗೆ ಇಬ್ಬರೂ ಮಾತೇ ಬಿಟ್ಟರು. ಒಂದು ಕರಾರು ಬರೆದುಕೊಳ್ಳಿ ಎಂದು ನಾನೇ ಮುಂದೆ ಬಿದ್ದೆ. ದೊಡ್ಡಬಳ್ಳಾಪುರದ ಕೋರ್ಟಿನಲ್ಲಿ ಕರಿಕೋಟು ಹಾಕುವವಳಲ್ಲವೇ, ಜಂಬದಿಂದಲೇ ಬರೆದೆ: "ಸದರಿ ಒಂದನೇ ಪಾರ್ಟಿಯವರು ಮೇಲ್ಕಂಡ ಷೆಡ್ಯೂಲ್ ಸ್ವತ್ತಿನ ಕೊಳವೆಬಾವಿ ನೀರನ್ನು ಎರಡನೇ ಪಾರ್ಟಿಯವರ ಹಕ್ಕುಬಾಧ್ಯತೆಗಳಿಗೆ ಚ್ಯುತಿ ಬಾರದಂತೆ ಅನುಭವಿಸತಕ್ಕದ್ದು..." ಹೀಗೇ ಅರ್ಧ ಪುಟ, ಒಂದೇ ವಾಕ್ಯ.

ಓದಿ ಮುಗಿಸಿದಾಗ ಅಮ್ಮ, "ಇದ್ರಲ್ಲಿ ನಾನೆಲ್ಲಿದೀನಿ?" ಎಂದಳು. ಎರಡನೇ ಪಾರ್ಟಿ ನೀನೇ ಎಂದೆ. "ನಾನೇನು ಎಲೆಕ್ಷನ್ನಿಗೆ ನಿಂತಿದೀನಾ?" ಎಂದಳು. ಚಿಕ್ಕಪ್ಪ ನಗಲಿಲ್ಲ. "ಅರ್ಥ ಆಗದ್ದಕ್ಕೆ ರುಜು ಹಾಕಲ್ಲ ಕಣಮ್ಮ. ನೀನು ಅತ್ಗೆ ಮಗಳು. ಒಳಗೆ ಏನು ಮಡಗಿದೀಯೋ ಯಾರಿಗ್ಗೊತ್ತು" ಎಂದು ಎದ್ದುಹೋದ. ಆ ಮಾತು ನನಗೆ ತುಂಬ ನಾಟಿತು ಕಣೇ. ನನಗೆ ಹೆಸರಿಟ್ಟವನೇ ಅವನು.

ಆಗ ನಿನ್ನ ಮಾತು ನೆನಪಾಯಿತು. ಹುಡುಗರು ಬರೆದ ಪ್ರೋಗ್ರಾಂ ತಿದ್ದುವಾಗ ಏನು ನೋಡುತ್ತೀಯೆಂದು ಫೋನಿನಲ್ಲಿ ಹೇಳಿದ್ದೆಯಲ್ಲ: ಒಂದು ವಸ್ತುವಿಗೆ ಒಂದೇ ಹೆಸರಿರಬೇಕು, 'ಹೀಗಾದರೆ' ಎಂದು ಬರೆದವರು 'ಆಗದಿದ್ದರೆ' ಏನೆಂದೂ ಬರೆಯಬೇಕು, ಎಲ್ಲಿ ಕೆಡುತ್ತದೆಂದು ಓಡಿಸಿ ನೋಡಬೇಕು. ಕಂಪ್ಯೂಟರಿಗೇ ಅಷ್ಟು ಬಿಡಿಸಿ ಹೇಳುವಾಗ ಅಮ್ಮನಿಗೆ ಹೇಳಬಾರದೇ ಎನ್ನಿಸಿತು. ಪಾರ್ಟಿಗಳನ್ನು ಕಿತ್ತುಹಾಕಿ ಹೆಸರುಗಳನ್ನೇ ಬರೆದೆ. "ಒಂದು ದಿನ ಅಂಜಿನಮ್ಮ ನೀರು ಹಾಯಿಸುತ್ತಾರೆ. ಮರುದಿನ ಮುನಿಕೃಷ್ಣ ಹಾಯಿಸುತ್ತಾರೆ. ಒಬ್ಬರ ದಿನ ಕರೆಂಟು ಬಾರದಿದ್ದರೆ, ಮರುದಿನವೂ ಅವರದೇ."

ಅಮ್ಮನನ್ನು ಕರೆದುಕೊಂಡು ಚಿಕ್ಕಪ್ಪನ ಮನೆಗೇ ಹೋಗಿ ಓದಿದೆ. ಕೇಳುತ್ತಿದ್ದವನು, "ಅರ್ಧ ಗಂಟೆ ಬಂದು ಹೋದ್ರೆ?" ಎಂದ. ನಾನು ಬಾಯಿ ತೆರೆಯುವ ಮೊದಲೇ ಅಮ್ಮ, "ಅದನ್ನೂ ಒಂದು ದಿನ ಅಂತ ಹಿಡಿಯೋಕಾಯ್ತದಾ ಮುನಿಕೃಷ್ಣ?" ಎಂದಳು. ಆಗಲ್ಲವೆಂದು ಅವನೂ ಒಪ್ಪಿದ. ಮೋಟಾರು ಸುಟ್ಟರೆ, ಮನೆಯಲ್ಲಿ ಮದುವೆ ಬಂದರೆ, ಹೀಗೆ ಇಬ್ಬರೂ ಕೇಳುತ್ತಾ ಹೋದರು, ನಾನು ಬರೆಯುತ್ತಾ ಹೋದೆ. ಮಾತು ಬಿಟ್ಟಿದ್ದು ಇಬ್ಬರಿಗೂ ಮರೆತೇಹೋಗಿತ್ತು!

ಕಡೆಗೆ ಚಿಕ್ಕಪ್ಪ ತಲೆತಗ್ಗಿಸಿಕೊಂಡು, "ಸರದಿ ಅತ್ಗೇದು, ನನ್ನ ಗಿಡ ಒಣಗ್ತಾ ಅದೆ. ಆಗ?" ಎಂದ. ಅಮ್ಮ, "ಬಿಡ್ತೀನಿ. ಗಿಡ ಏನು ಪಾಪ ಮಾಡಿದೆ?" ಎಂದಳು. ಎಷ್ಟು ಬಾಡಿದರೆ ಒಣಗಿದ ಹಾಗೆ ಎಂದು ನಾನು ಕೇಳಿದೆ. ಇಬ್ಬರೂ ನನ್ನ ಮುಖ ನೋಡಿದರು. "ನೋಡಿದ್ರೆ ಗೊತ್ತಾಗಲ್ವೇನಮ್ಮ?" ಎಂದ ಚಿಕ್ಕಪ್ಪ. ಹಾಗೇ ಬರೆದೆ: "ಒಬ್ಬರ ಬೆಳೆ ಒಣಗುತ್ತಿದ್ದರೆ ಇನ್ನೊಬ್ಬರು ನೋಡಿ ನೀರು ಬಿಡುತ್ತಾರೆ." ನಿನ್ನ ಕಂಪ್ಯೂಟರು ಈ ಸಾಲಿನಲ್ಲಿ ನಿಂತೇಬಿಡುತ್ತದೆ. ನನ್ನ ಸೀನಿಯರ್ ಗಂಗಣ್ಣನವರು ಕೆಂಪು ಶಾಯಿಯಲ್ಲಿ ಸುತ್ತು ಹಾಕುತ್ತಾರೆ. ಆದರೆ ಕರಾರನ್ನು ಓದುವವರು ಮನುಷ್ಯರಲ್ಲವೇ? ಆ ಸಾಲನ್ನು ನಾನು ತೆಗೆಯಲಿಲ್ಲ.

ಚಿಕ್ಕಪ್ಪ ಸಾಲಿನ ಕೆಳಗೆ ಬೆರಳಿಟ್ಟುಕೊಂಡು ತಾನೇ ಎಲ್ಲವನ್ನೂ ಓದಿ ರುಜು ಹಾಕಿದ. ನಿನ್ನೆ ಅಮ್ಮನ ಸರದಿ. ಅವಳ ಮಂಡಿನೋವು ನೋಡಿ ಅವನೇ ಬಂದು ವಾಲ್ವು ತಿರುಗಿಸಿ, ಕಾಫಿ ಕುಡಿದು ಹೋದ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಅಮ್ಮ ನಿಮ್ಮಿಬ್ಬರಿಗೂ ಒಳ್ಳೆಯದಾಗಲಿ ಎಂದು ಹರಸಿದ್ದಾಳೆ.

ನಿನ್ನ ಅಕ್ಕ,
ಸಂಘಮಿತ್ರ

ಮರೆತಿದ್ದೆ: ರುಜು ಹಾಕುವ ಮೊದಲು ಚಿಕ್ಕಪ್ಪ, "ರಂಜಿತಂದೂ ಭಾಗ ಇಲ್ವಾ? ಅವಳ ಹೆಸರೂ ಬರಿ" ಎಂದ. ಜಾತಿ ಬಿಟ್ಟು ಮದುವೆಯಾದೆಯೆಂದು ಇಷ್ಟು ವರ್ಷ ನಿನ್ನ ಹೆಸರನ್ನೇ ಎತ್ತದಿದ್ದವನು! ನಿನ್ನ ರುಜುವೂ ಬೇಕು. ಓದಿ ನೋಡಲು ಈ ಪತ್ರದ ಜೊತೆ ನಕಲು ಇಟ್ಟಿದ್ದೇನೆ. ಅಸಲನ್ನೇ ಅಂಚೆಯಲ್ಲಿ ಕಳಿಸುತ್ತೇನೆಂದರೆ ಅವನು ಒಪ್ಪಲಿಲ್ಲ. "ಅಂಚೆ ಬ್ಯಾಡ. ದೀಪಾವಳಿಗೆ ಬಂದು ಹಾಕ್ಲಿ. ಅಳಿಯಂದ್ರನ್ನೂ ಕರ್ಕೊಂಡು ಬಾ ಅನ್ನು" ಎಂದ. ಅಳಿಯಂದ್ರು ಅಂದ ಕಣೇ.